ಜೋಮು ಎಂಬ ಪದದ ತವರು

ಸುಷ್ಮಿತಾ ಅವರಿಗೆ,

ಪರೀಕ್ಷೆಗೆ ಹೆದರಿರುವವಳು ನಾನು, ನನ್ನ ಮಗಳಲ್ಲ. ಇದೊಂದನ್ನು ಬರೆಯದೆ ಬಿಟ್ಟುಬಿಡೋಣ ಅಂದುಕೊಂಡಿದ್ದೆ. ಬಿಟ್ಟಿದ್ದರೆ ಮುಂದಿನದೆಲ್ಲ ತಾಯಿಯ ಜವಾಬ್ದಾರಿಯಂತೆ ಕಾಣುತ್ತಿತ್ತು.

ನಾನು ನಿಮ್ಮ ಮಗಳು ಧೃತಿಯ ಮರಿಮಗಳ ಮರಿಮಗಳು. ನಿಮಗೀಗ ಮೂವತ್ತನಾಲ್ಕು, ಅಜ್ಜಿ ಎಂದರೆ ಸಿಟ್ಟಾದೀರಿ ಎಂದು ಹೆಸರು ಹಿಡಿದು ಕರೆದಿದ್ದೇನೆ. ನನ್ನ ಕನ್ನಡ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡ ಬಂದದ್ದು ದೊಡ್ಡವಳಾದ ಮೇಲೆ, ಕಿವಿದುಂಬಿಯಿಂದ.

ಕಿವಿದುಂಬಿ ಎಂದರೆ ಕಿವಿಯೊಳಗೆ ಕೂರುವ, ಅಕ್ಕಿಕಾಳಿನಷ್ಟು ಯಂತ್ರ. ಮಾತು ತಡವರಿಸಿದರೆ ಬೇಕಾದ ಪದವನ್ನು ಅದೇ ಪಿಸುಗುಟ್ಟುತ್ತದೆ. ಈಗ ದಾವಣಗೆರೆಯಲ್ಲಿ ದೋಸೆ ಹೊಯ್ಯುವವರೂ ತಿನ್ನುವವರೂ ಒಂದು ಕ್ಷಣ ತಲೆ ವಾಲಿಸಿ, ಕೇಳಿಸಿಕೊಂಡು, ಆಮೇಲೆ ಬಾಯಿ ತೆರೆಯುತ್ತಾರೆ. ಬೈಯುವಾಗಲೂ ಹಾಗೆಯೇ. ಆದ್ದರಿಂದ ನಮ್ಮ ಜಗಳಗಳು ಬಹಳ ನಿಧಾನ.

ನನ್ನ ಮಗಳು ಇಬ್ಬನಿಗೆ ಆರು ವರ್ಷ. ದುಂಬಿ ಇಲ್ಲದ ಶಾಲೆ ಊರಲ್ಲಿ ಒಂದೇ ಒಂದು ಇದೆ; ಆರು ತುಂಬಿದ ವರ್ಷ ಬಿಟ್ಟರೆ ಮತ್ತೆ ಸೇರಿಸಿಕೊಳ್ಳುವುದಿಲ್ಲ. ಪ್ರವೇಶ ಪರೀಕ್ಷೆಯಲ್ಲಿ ಮಗು ಪದ ಹೇಳಿದರೆ ಸಾಲದು, ಅದರ ತವರನ್ನೂ ಹೇಳಬೇಕು. ಯಾರ ಬಾಯಿಂದ ಕೇಳಿದೆ, ಅವರಿಗೆ ಯಾರು ಹೇಳಿದರು, ಹೀಗೆ. ಆ ದಾರಿ ದುಂಬಿಗೆ ಹೋಗಿ ಮುಟ್ಟಿದರೆ ಪದ ಲೆಕ್ಕಕ್ಕಿಲ್ಲ. ಪರೀಕ್ಷೆ ಮಗುವಿಗೆ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ.

ಬಾಳೆಕಾಯಿ ನೆಕ್ಕಿಸಿ ಒಗರು ಕಲಿಸಿದೆ. ದುಂಬಿಯನ್ನು ಕೇಳದೆ ನಾನೇ ಊಹಿಸಿ, ಹೊಟ್ಟೆಕಿಚ್ಚು ಎಂದರೆ ಊಟ ಹೆಚ್ಚಾದಾಗ ಬರುವ ಉರಿ ಎಂದೆ. ಅವಳು ಪಕ್ಕದ ಮನೆಯವರಿಗೆ, "ಆಂಟೀ, ನಿಮ್ಮನೆ ಹೋಳಿಗೆ ತಿಂದು ನಮ್ಮಮ್ಮನಿಗೆ ಹೊಟ್ಟೆಕಿಚ್ಚು" ಅಂದುಬಿಟ್ಟಳು. "ಇರ್ಲಿ ಬಿಡು ಮರಿ, ಎಲ್ಲಾರ್ಗೂ ಆಗತ್ತೆ" ಎಂದರು ಆಕೆ, ತಲೆ ವಾಲಿಸದೆ.

ಅದನ್ನಾದರೂ ತಿದ್ದಬಹುದು. ಪರೀಕ್ಷೆಯ ಮೊದಲ ಪ್ರಶ್ನೆಯನ್ನು ಏನು ಮಾಡಲಿ? ಮಕ್ಕಳನ್ನು ನೆಲದ ಮೇಲೆ ಕಾಲು ಮಡಿಸಿ ಕೂರಿಸುತ್ತಾರೆ, ಬಹಳ ಹೊತ್ತಾದ ಮೇಲೆ ಏಳಿಸುತ್ತಾರೆ, ಕಾಲಿಗೆ ಏನಾಯಿತು ಎಂದು ಕೇಳುತ್ತಾರೆ. ಉತ್ತರಕ್ಕೆ ತವರಿಲ್ಲದಿದ್ದರೆ ಅಲ್ಲಿಂದಲೇ ಮನೆಗೆ. ಮನೆಯಲ್ಲಿ ಕೂರಿಸಿ ನೋಡಿದೆ. ಎದ್ದವಳೇ ಕುಂಟುತ್ತಾ ಕಿರುಚಿದಳು, "ಅಮ್ಮಾ, ಕಾಲಲ್ಲಿ ಸೋಡಾ!"

ಅದಕ್ಕೆ ಜೋಮು ಅನ್ನಬೇಕು ಎಂದೆ.

"ನಿಂಗ್ಯಾರು ಹೇಳಿದ್ದು?"

ಅಜ್ಜಿ ಹೇಳಿದ್ದು ಅಂತ ಹೇಳು ಎಂದೆ.

"ಸುಳ್ಳಿ! ಅಜ್ಜಿ ಕಾಲು ಹಿಡ್ಕೊಂಡ್ರೆ 'ಓ ಗಾಡ್' ಅಂತಾರೆ."

ನಿಜ. ಮನೆಯವರ ಹಳೆಯ ಧ್ವನಿಮುದ್ರಣಗಳನ್ನೆಲ್ಲ ಕೇಳುತ್ತಾ ಹಿಂದೆ ಹೋದೆ. ಮುದುಕಿಯಾದ ಧೃತಿ ಕೂಡ 'ಪಿನ್ಸ್ ಅಂಡ್ ನೀಡಲ್ಸ್' ಎನ್ನುತ್ತಾರೆ. ಅಲ್ಲಿಂದಾಚೆ ಇರುವುದು ನೀವು. ಸೋಡಾ ಎಂದರೇ ಸಾಕಲ್ಲವೇ, ಅದರ ತವರು ಮಗುವಿನದೇ ಬಾಯಿ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ನನ್ನ ಧೈರ್ಯ ಅಷ್ಟು ದೂರ ಬರುತ್ತಿಲ್ಲ. ಅವಳು ಈಗ ಸೋಡಾ ಅನ್ನುವುದನ್ನೂ ಬಿಟ್ಟಿದ್ದಾಳೆ; ಸುಮ್ಮನೆ ಕಾಲು ಹಿಡಿದುಕೊಂಡು ನನ್ನ ಮುಖ ನೋಡುತ್ತಾಳೆ.

ಹಿಂದಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ, ಒಂದು ಹಾಳೆಗಿಂತ ಹೆಚ್ಚು ಕಳಿಸುವಂತಿಲ್ಲ. ಮರುಟಪಾಲೂ ಇಲ್ಲ. ಹಾಗಾಗಿ ಕೇಳಿಬಿಡುತ್ತೇನೆ. ನೀವೂ ಧೃತಿಯನ್ನು ಯಾವುದೋ ಶಾಲೆಯ ಇಂಟರ್‌ವ್ಯೂಗೆ ತಯಾರು ಮಾಡುತ್ತಿರುತ್ತೀರಿ. ಅವಳು ಫ್ಲ್ಯಾಶ್ ಕಾರ್ಡುಗಳ ಮುಂದೆ ಕೂತು ಕೂತು, ಎದ್ದು ಕುಂಟಿದ ದಿನ, ಅವಳ ಪಾದ ತಿಕ್ಕುತ್ತಾ, "ಜೋಮು ಹಿಡೀತಾ ಪುಟ್ಟಾ?" ಎಂದು ಕೇಳಿ. ಗಟ್ಟಿಯಾಗಿ ಕೇಳಿ. ಅಷ್ಟೇ ಸಾಕು.

ನೀವು ಕೇಳಿದ್ದೇ ಆದರೆ ನನಗೆ ಈ ಭಯ ಇರುವುದಿಲ್ಲ, ಈ ಕಾಗದವೂ ಇರುವುದಿಲ್ಲ. ಕಾಗದ ಇನ್ನೂ ನನ್ನ ಕೈಯಲ್ಲೇ ಇದೆ. ಇನ್ನೂ ಕಳಿಸಿಲ್ಲವಲ್ಲ, ಅದಕ್ಕೇ ಇರಬೇಕು ಎಂದುಕೊಳ್ಳುತ್ತೇನೆ.

ನಿಮ್ಮ,
ಶರ್ವಾಣಿ

ಪರೀಕ್ಷೆ ಮಾರ್ಚ್ ಒಂದಕ್ಕೆ. ಅಂಚೆಗೆ ಹಾಕುವುದು ಅದರ ಹಿಂದಿನ ದಿನ, ನಿಮ್ಮಲ್ಲಿಲ್ಲದಿದ್ದರೂ ನಮ್ಮಲ್ಲಿ ಆ ತಾರೀಖು ಇದೆ: ಫೆಬ್ರುವರಿ ಮೂವತ್ತು, ೨೨೩೨.