ಖರಾಬು ಎಂಬ ಪದವನ್ನು ಹೊಡೆದುಹಾಕಿ

ಒರತೆನಾಡು, ಘಟ್ಟದ ಕೆಳಗೆ
ಕ್ರಿ.ಶ. ೨೨೧೪, ಫೆಬ್ರವರಿ ಮೂವತ್ತು

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ ಬೀರಾ ಕುಪ್ಪು ಗೌಡನ ನಮಸ್ಕಾರ.

ತಾರೀಖು ಕಂಡು ನಗಬೇಡಿ. ತಿಂಗಳಿಗೆ ಮೂವತ್ತೇ ದಿನವೆಂದು ನಾವು ಎಂದೋ ಸರಿಮಾಡಿಕೊಂಡೆವು. ಮಿಕ್ಕ ಐದು ದಿನಗಳನ್ನು ಮಳೆಗೆ ಬಿಟ್ಟಿದ್ದೇವೆ, ಅದು ಹೇಗೂ ಯಾರ ಕ್ಯಾಲೆಂಡರನ್ನೂ ಕೇಳುವುದಿಲ್ಲ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮದೊಂದು ಪದ ಇಲ್ಲಿಗೆ ಬಂದು ಮಾಡುತ್ತಿರುವ ಅನಾಹುತದ ಮುಂದೆ ಅವು ಏನೇನೂ ಅಲ್ಲ.

ನಾನು ಬಾಯಾಳು. ಅಂದರೆ, ಬಾಯಿಲ್ಲದ್ದರ ಪರವಾಗಿ ವಿಚಾರಣೆಯಲ್ಲಿ ಮಾತಾಡುವ ಆಳು. ಓದಿದ್ದು ನಾಲ್ಕನೇ ತರಗತಿ. ಮಾತು ಕಲಿತದ್ದು ಸಂತೆಯಲ್ಲಿ ಬಸಳೆ, ಹರಿವೆ ಮಾರುತ್ತ. ಈವರೆಗೆ ಒಂದು ಹೊಳೆಯ ಪರವಾಗಿ, ಒಂದು ಗುಡ್ಡದ ಪರವಾಗಿ ಮಾತಾಡಿದ್ದೇನೆ. ಹೊಳೆ ಗೆದ್ದಿತು, ಗುಡ್ಡ ಸೋತಿತು. ಈಗ ಜಡ್ಡಿಯ ಸರದಿ. ಜಡ್ಡಿ ಎಂದರೆ ಕಾಡಿನೊಳಗಿನ ಕೆಸರುನೆಲ. ರಾಮಪತ್ರೆ ಮರಗಳು ಮಂಡಿಯಂತೆ ಬಾಗಿದ ಬೇರುಗಳನ್ನು ನೀರಿನ ಮೇಲಕ್ಕೆತ್ತಿ ನಿಂತಿರುವ ಜಾಗ. ನಮ್ಮ ಅರವತ್ತೆರಡು ಮನೆಗಳಿಗೆ ನೀರು ಕೊಡುವ ಏಳು ಒರತೆಗಳೂ ಹುಟ್ಟುವುದು ಅಲ್ಲೇ.

ನಮ್ಮ ಕಾಲದಲ್ಲಿ ಮಧ್ಯಾಹ್ನ ಹೊರಗಿರುವಂತಿಲ್ಲ. ಬಯಲಿನಲ್ಲಿ ನಲವತ್ತೇಳು ಡಿಗ್ರಿ ಇದ್ದಾಗ ಜಡ್ಡಿಯೊಳಗೆ ಮೂವತ್ತೆಂಟು, ನಾನೇ ಅಳೆದಿದ್ದೇನೆ. ಹಾಗಾಗಿ ನೆರಳುಪಾಳಿ ಇದೆ. ಹನ್ನೊಂದು ಗಂಟೆಗೆ ಬಾಣಂತಿಯರು, ಮುದುಕರು ಒಳಗೆ ಹೋಗುತ್ತಾರೆ, ಆಮೇಲೆ ಶಾಲೆ ಕರಿಹಲಗೆ ಸಮೇತ, ಕೊನೆಗೆ ದನಕರು. ಅತ್ತೆ ಸೊಸೆಯರ ಜಗಳವೂ ಅಲ್ಲಿಗೇ ವರ್ಗವಾಗುತ್ತದೆ. ಹೋದ ವರ್ಷ ಪಕ್ಕದ ಕಣಿವೆಯಲ್ಲಿ ಬಿಸಿಲಿಗೆ ಮೂವತ್ತೊಂದು ಜನ ಸತ್ತರು. ಅವರ ಜಡ್ಡಿಯನ್ನು ಮುಚ್ಚಿ ಎರಡು ವರ್ಷವಾಗಿತ್ತು. ನಮ್ಮಲ್ಲಿ ಒಬ್ಬರೂ ಸಾಯಲಿಲ್ಲ.

ಈಗ ನಮ್ಮ ಜಡ್ಡಿಗೂ ಮಣ್ಣು ತುಂಬಿ ಮಿಂಚುಕಣಜ ಕಟ್ಟುತ್ತಾರಂತೆ, ಪಟ್ಟಣದ ಕರೆಂಟನ್ನು ಕೂಡಿಡುವ ಉಗ್ರಾಣ. ಆಧಾರ? ನಿಮ್ಮ ಕಾಲದ ಪಹಣಿ. ಅದರಲ್ಲಿ ಈ ಜಾಗದ ಮುಂದೆ ಒಂದೇ ಪದ: ಖರಾಬು. ಉಳಲು ಬಾರದ್ದು ಎಂಬರ್ಥದಲ್ಲಿ ಯಾರೋ ಬರೆದರು. ನೀವು ಅದನ್ನು ಕಾಗದದಿಂದ ಕಂಪ್ಯೂಟರಿಗೆ ಹಾಗೇ ಏರಿಸಿದಿರಿ. ನಿಮ್ಮ ಮೊಮ್ಮಕ್ಕಳು ಅದನ್ನು ಯಾರಿಗೂ ಬೇಡದ್ದು ಎಂದು ಓದಿಕೊಂಡರು.

ವಿಚಾರಣೆಯಲ್ಲಿ ತೀರ್ಪು ಕೊಡುವ ಪೀಠದ ಅಮ್ಮನವರು ಆ ಪದವನ್ನು ಓದಿದ ಕೂಡಲೇ ನಮ್ಮೂರಿನ ಎಂಬತ್ತಾರು ವರ್ಷದ ಬೊಮ್ಮಕ್ಕ ಎದ್ದು ನಿಂತಳು.

“ಖರಾಬಂತೆ! ಹಂಗಾರೆ ನಿನ್ನೆ ನಮ್ಮೂರಲ್ಲಿ ನೀವು ಕುಡ್ದ ನೀರು ಎಂತದು ಅಮ್ಮಾ? ತಂಪಿದೆ ಅಂತ ಇನ್ನೊಂದು ಚೊಂಬು ಕೇಳ್ದವ್ರು ಯಾರು?”

ಸಭೆ ನಕ್ಕಿತು. ಅಮ್ಮನವರೂ ನಕ್ಕರು. “ಕೇಳಿದ್ದು ನಾನೇ, ಅಜ್ಜಿ. ಆದ್ರೆ ಚೊಂಬು ದಾಖಲೆ ಆಗಲ್ಲ. ಇದು ಖರಾಬಲ್ಲ ಅನ್ನೋ ಹಳೇ ಕಾಗದ ಒಂದಾದ್ರೂ ತನ್ನಿ.”

ಸೋಮವಾರದವರೆಗೆ ಗಡುವು ಕೊಟ್ಟರು, ತಾರದಿದ್ದರೆ ಅಂದೇ ಮಣ್ಣು ತುಂಬಲು ಅಪ್ಪಣೆ. ಇದ್ದಬದ್ದ ಕಪಾಟುಗಳನ್ನೆಲ್ಲ ಜಾಲಾಡಿದೆ. ಅಂಥ ಕಾಗದವಿಲ್ಲ. ನೀವು ಬರೆದಿಟ್ಟಿಲ್ಲ.

ಆದರೆ ನೀವು ಇವತ್ತು ಬರೆದರೂ ಅದು ನಮಗೆ ಇನ್ನೂರು ವರ್ಷ ಹಳೆಯದು! ಅದಕ್ಕೇ ಈ ಪತ್ರ. ತಾಲೂಕು ಕಚೇರಿಗೆ ಹೋಗಿ ಅರ್ಜಿ ಕೊಡಿ. ‘ಇಲ್ಲಿ ನೀರು ಹುಟ್ಟುತ್ತದೆ’ ಎಂಬ ಮೂರು ಪದ ಸಾಕು. ಸ್ವೀಕರಿಸಿದ್ದಕ್ಕೆ ಮುದ್ರೆ ಒತ್ತಿಸಿಕೊಳ್ಳಿ. ಗುಮಾಸ್ತರು ನಾಳೆ ಬನ್ನಿ ಎಂದರೆ ನಾಳೆಯೂ ಹೋಗಿ. ಪರಿಸರ ದಿನದ ಭಾಷಣ, ಸಸಿ ಹಿಡಿದ ಫೋಟೊ ನಮಗೆ ಬೇಡ. ಅವು ಕಪಾಟು ತುಂಬ ಸಿಕ್ಕಿವೆ.

ಬರೆಯದಿದ್ದರೆ? ಕೈಮುಗಿದು ಕೂರುವ ಜನ ನಾವಲ್ಲ. ಸೋಮವಾರ ಮಣ್ಣಿನ ಗಾಡಿಗಳು ಬರುವ ಮೊದಲೇ ಅರವತ್ತೆರಡು ಮನೆಗಳೂ ಒಲೆ, ಪಾತ್ರೆ ಸಮೇತ ಜಡ್ಡಿಗೆ ಇಳಿಯುತ್ತವೆ. ಮೊದಲ ಗಾಡಿ ಮಣ್ಣು ಸುರಿಯಬೇಕಾದ ಜಾಗದಲ್ಲಿ ನಾನು ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ನಿಮ್ಮ ಕಾಗದ ಬಂದರೆ ಅಲ್ಲಿಂದಲೇ ಗಟ್ಟಿಯಾಗಿ ಓದುತ್ತೇನೆ. ಬಾರದಿದ್ದರೂ ಏಳುವುದಿಲ್ಲ.