ಸೂಜಿಯೋ ಚಾಕುವೋ, ನೀನೇ ಹೇಳು

ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ

ಪ್ರೀತಿಯ ಚುಟುಕು,

ನೀನು ಕ್ಷೇಮವೆಂದು ನಂಬಿದ್ದೇನೆ. ನಿನ್ನ ಅಕ್ಕನ ಮಂಡಿನೋವು ಹೇಗಿದೆ? ಭಾವನವರು ಈಗಲೂ ಪತ್ರಿಕೆಯನ್ನು ಜೋರಾಗಿ ಓದಿ ಮನೆಯವರನ್ನೆಲ್ಲ ಗೋಳು ಹುಯ್ದುಕೊಳ್ಳುತ್ತಾರಾ?

ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿರುವುದಕ್ಕೆ ಕ್ಷಮಿಸು. ಬರೆಯುವುದು, ಹರಿಯುವುದು, ಇದೇ ಆಗಿತ್ತು. ಮದುವೆಯಾದ ಹೊಸದರಲ್ಲಿ ನಿನಗೆ ಚುಟುಕು ಎಂದು ಹೆಸರಿಟ್ಟವನು ನಾನೇ. ಯಾವ ವಿಷಯವನ್ನೂ ಎರಡು ಮಾತಿನಲ್ಲಿ ಮುಗಿಸಿಬಿಡುತ್ತೀ ಅಂತ. ಆಗ ಅದು ಮುದ್ದಾಗಿತ್ತು. ಈಗ ನೋಡು, "ಚೆನ್ನಾಗಿದ್ದೇನೆ. ಬೆಚ್ಚನೆ ಬಟ್ಟೆ ಕಳಿಸಿ" ಎಂಬ ನಿನ್ನ ಎರಡು ಸಾಲನ್ನು ಕಿಟಕಿಯ ಬೆಳಕಿಗೆ ಹಿಡಿದು ಓದುತ್ತೇನೆ, ನಡುವೆ ಇನ್ನೇನಾದರೂ ಸಿಕ್ಕೀತೇ ಎಂದು. ಬಟ್ಟೆ ಕಳಿಸಿದ್ದೇನೆ. ನೀಲಿ ಶಾಲು ಮಾತ್ರ ಇಟ್ಟುಕೊಂಡಿದ್ದೇನೆ. ಸಿಗಲಿಲ್ಲವೆಂದುಕೋ.

ಇಲ್ಲಿ ಅಡುಗೆಮನೆಯ ನಲ್ಲಿ ಸೋರುವುದು ನಿಂತಿದೆ. ಮೇಲಿನ ಮನೆಯವರು ಇನ್ನೂ ಕುರ್ಚಿ ಎಳೆಯುತ್ತಾರೆ. ನೀನು ಕೆಲಸ ಮಾಡುವ ಕನ್ನಡಕದಂಗಡಿಯ ಮಾಲೀಕರು ಮೊನ್ನೆ ರಸ್ತೆಯಲ್ಲೇ ಹಿಡಿದುಕೊಂಡರು. "ಏನ್ ಸಾರ್, ಮೇಡಂನ ಎಲ್ಲಿ ಬಚ್ಚಿಟ್ಟಿದ್ದೀರ? ಹೊಸ ಹುಡುಗಿ ಉಜ್ಜಿದ ಗಾಜು ಹಾಕ್ಕೊಂಡ ಗಿರಾಕಿಯೊಬ್ರು ಬಾಗಿಲು ಅಂತ ಗೋಡೆಗೆ ಹೋಗಿ ಗುದ್ಕೊಂಡ್ರು" ಅಂದರು. "ಬರ್ತಾಳೆ, ಬೇಗ ಬರ್ತಾಳೆ" ಅಂದೆ. ಹಾಗೆ ಹೇಳುವಾಗ ನನ್ನ ಮುಖ ಹೇಗಿತ್ತೋ, ಅವರು ನನ್ನ ಹೆಗಲು ತಟ್ಟಿ ಅಂಗಡಿಗೆ ಹೊರಟುಬಿಟ್ಟರು.

ಈಗ ವಿಷಯಕ್ಕೆ ಬರುತ್ತೇನೆ. ನಿಂತುಕೊಂಡು ಓದುತ್ತಿದ್ದರೆ ಕೂತುಕೋ. ಅಕ್ಕನ ಎದುರಿಗಂತೂ ಓದಬೇಡ.

ನೀನು ಚೀಲ ಹಿಡಿದು ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: "ಅಕ್ಕನ ಮನೆಗೆ ಹೋಗ್ತೀನಿ. ಯಾಕೆ ಅಂತ ಕೇಳಬೇಡಿ, ನನಗೆ ಹೇಳೋಕೆ ಬರಲ್ಲ." ನಾನು ಕೇಳಲಿಲ್ಲ. ಆದರೆ ಕೇಳದೆ ಇರುವವನು ಯೋಚಿಸದೆ ಇರುತ್ತಾನೆಯೇ? ನಮ್ಮ ಆಫೀಸಿನ ಎದುರಿನ ಬಸ್ ನಿಲ್ದಾಣದಲ್ಲಿ ನಿನಗೆ ಗೊತ್ತಿರುವ ದೊಡ್ಡ ಜಾಹೀರಾತು ಹಲಗೆ ಇದೆಯಲ್ಲ, ಅದರ ಮೇಲೆ ಸೀಮೆಂಟಿನ ಚಿತ್ರ ಹೋಗಿ ಹೊಸದೊಂದು ಬಂತು. ಮಂಚದ ಅಂಚಿನಲ್ಲಿ ತಲೆ ತಗ್ಗಿಸಿ ಕೂತ ಗಂಡಸು. ಹಿಂದೆ, ಗೋಡೆಗೆ ಮುಖ ಮಾಡಿ ಮಲಗಿದ ಹೆಂಗಸು. ಕೆಳಗೆ ಮಾರುದ್ದದ ಅಕ್ಷರಗಳು: "ನಿಮ್ಮ ಹೆಂಡತಿ ನಿಮಗೆ ಹೇಳದೆ ಉಳಿಸಿಕೊಂಡ ಮಾತು ಯಾವುದು?"

ನಾನು ಮೂರು ಬಸ್ಸು ಬಿಟ್ಟೆ.

ಗಂಡಸರ ಅಂಗವನ್ನು ದೊಡ್ಡದು ಮಾಡುವ ಕ್ಲಿನಿಕ್ಕಿನ ಜಾಹೀರಾತು ಅದು. ವೈದ್ಯರ ಪುಸ್ತಕದಲ್ಲಿ ಶಿಶ್ನ ಎಂದಿದೆ. ಇಷ್ಟು ವರ್ಷ ಒಂದೇ ಮಂಚದಲ್ಲಿ ಮಲಗಿದವರು ನಾವು, ಈ ಪದವನ್ನು ಒಬ್ಬರೆದುರು ಒಬ್ಬರು ಆಡಿಯೇ ಇಲ್ಲ, ಅಲ್ಲವೇ?

ನನಗೆ ಮೊದಲು ಬಂದದ್ದು ಸಿಟ್ಟು. ಈ ವ್ಯಾಪಾರವನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಆಗ ಸಾರ್ವಜನಿಕ ಶೌಚಾಲಯದ ಗೋಡೆಗೆ ಎಣ್ಣೆಯ ಜಾಹೀರಾತು ಅಂಟಿಸುತ್ತಿದ್ದರು. ಆಮೇಲೆ ವಾರಪತ್ರಿಕೆಯ ಕೊನೆಯ ಪುಟದಲ್ಲಿ, ಗಾಳಿ ಹೀರಿ ಹಿಗ್ಗಿಸುತ್ತದೆ ಎನ್ನುವ, ಅಂಚೆಯಲ್ಲಿ ಗುಟ್ಟಾಗಿ ಬರುವ ಗಾಜಿನ ಕೊಳವೆ. ಅದಾದ ಮೇಲೆ ಮಾತ್ರೆ. ಈಗ ಹವಾನಿಯಂತ್ರಿತ ಕೋಣೆ, ಬಿಳಿ ಕೋಟು. ಸರಕು ಬದಲಾಯಿತು, ಮಾರುವ ಭಯ ಮಾತ್ರ ಅದೇ. ಅಂಗಡಿಯವನು ಬೇಳೆಯಲ್ಲಿ ಒಂದು ಹಿಡಿ ಕಡಿಮೆ ತೂಗಿದರೆ ಅವನ ತಕ್ಕಡಿ ಜಪ್ತಿ ಮಾಡುವ ಅಧಿಕಾರ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರಾದ ನನಗಿದೆ. ಸರಿಯಾಗಿರುವ ಮನುಷ್ಯನನ್ನು ಕಡಿಮೆ ಎಂದು ನಂಬಿಸಿ ದೋಚುವವರ ಮೇಲೆ ಯಾರಿಗೆ ಯಾವ ಅಧಿಕಾರವಿದೆ? ಈ ಬಗ್ಗೆ ಪತ್ರಿಕೆಗೆ ಕಾಗದ ಬರೆಯಬೇಕೆಂದು ಕೂತೆ. ಮೊದಲ ವಾಕ್ಯ ಚೆನ್ನಾಗಿ ಬಂತು. ಎರಡನೆಯದನ್ನು ಬರೆಯುವ ಮೊದಲೇ ನೆನಪಾಯಿತು, ನೀನು ಕೂಡ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ.

ಚುಟುಕು, ಆಫೀಸಿನ ಉಕ್ಕಿನ ಅಳತೆಪಟ್ಟಿಯನ್ನು ಮನೆಗೆ ತಂದೆ. ಇಲಾಖೆಯೇ ಪರೀಕ್ಷಿಸಿ ಮುದ್ರೆ ಹಾಕಿದ್ದು, ಕೂದಲೆಳೆಯಷ್ಟೂ ತಪ್ಪದ್ದು. ಬಚ್ಚಲಮನೆಯ ಚಿಲಕ ಹಾಕಿ, ಮನೆಯಲ್ಲಿ ಯಾರೂ ಇಲ್ಲದಿದ್ದರೂ, ನಲ್ಲಿ ತಿರುಗಿಸಿ ನೀರು ಬಿಟ್ಟು, ಅಳೆದೆ. ವಾಚನಾಲಯದಲ್ಲಿ ನೋಡಿದ ಆ ವೈದ್ಯರ ಪುಸ್ತಕದಲ್ಲಿ ಬರೆದಿದ್ದ ಸರಾಸರಿಗಿಂತ ಕಡಿಮೆ ಬಂತು. ನನ್ನ ಸರ್ವೀಸಿನಲ್ಲಿ ಎಷ್ಟೋ ಜನಕ್ಕೆ ಕಡಿಮೆ ಬಂದಿದೆ ಎಂದು ಹೇಳಿದ್ದೇನೆ. ಅವರ ಮುಖ ಯಾಕೆ ಹಾಗಾಗುತ್ತಿತ್ತು ಎಂದು ಆವತ್ತು ಗೊತ್ತಾಯಿತು.

ಮೊದಲು ಆ ಜಾಹೀರಾತಿನವರ ಹತ್ತಿರವೇ ಹೋದೆ. ಒಳಗೆ ಪುಟ್ಟ ಕಾರಂಜಿ, ಮೆತ್ತನೆ ಸೋಫಾ, ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ನಡುನಡುವೆ ಗಿಡದ ಕುಂಡ. ಬಿಳಿ ಕೋಟಿನ ಹುಡುಗಿಯೊಬ್ಬಳು ಬಂದಳು. ಡಾಕ್ಟರಲ್ಲ, ಸಲಹೆಗಾರ್ತಿಯಂತೆ.

"ಸರ್, ನಾಚ್ಕೋಬೇಡಿ. ನಿಮ್ಮ ಹಾಗೆ ದಿನಾ ಎಷ್ಟೋ ಜನ ಬರ್ತಾರೆ."

"ಬಂದವರಲ್ಲಿ ಯಾರಿಗಾದ್ರೂ, ನಿಮ್ಮದು ಸರಿಯಾಗಿದೆ ಹೋಗಿ, ಅಂತ ಹೇಳಿ ವಾಪಸ್ ಕಳಿಸಿದ್ದೀರಾ?" ಎಂದು ಕೇಳಿದೆ.

"ಸರ್ ತುಂಬಾ ತಮಾಷೆ ಮಾಡ್ತೀರಪ್ಪ" ಎಂದು ನಕ್ಕು ಬಣ್ಣದ ಚಿತ್ರಗಳನ್ನು ತೆರೆದಳು.

ಅವಳು ಹೇಳಿದ್ದರಲ್ಲಿ ಹೊಗಳಿಕೆಯನ್ನು ಸೋಸಿ ನಿನಗೆ ಬರೆಯುತ್ತೇನೆ. ದಾರಿ ಎರಡು. ಒಂದು ಸೂಜಿ. ಫಿಲ್ಲರ್ ಅನ್ನುತ್ತಾರೆ. ಮುಖದ ಸುಕ್ಕು ತುಂಬಲು ಬಳಸುವಂಥದೇ ಒಂದು ಜೆಲ್ಲನ್ನು ಚರ್ಮದ ಕೆಳಗೆ ಚುಚ್ಚಿ ತುಂಬುವುದು. ಅರ್ಧ ದಿನದ ಕೆಲಸ, ಮರುದಿನ ಆಫೀಸಿಗೆ ಹೋಗಬಹುದು. ಇನ್ನೊಂದು ಚಾಕು, ಅಂದರೆ ಶಸ್ತ್ರಚಿಕಿತ್ಸೆ. "ಫಿಲ್ಲರ್‌ಗೆ ತಿಂಗಳ ಕೊನೇ ಗುರುವಾರ ಒಂದು ಜಾಗ ಖಾಲಿ ಇದೆ ಸರ್, ಹಿಡಿದಿಡ್ಲಾ? ಬೇಕಾದ್ರೆ ಆಮೇಲೆ ಆಪರೇಷನ್‌ಗೆ ಬದಲಾಯಿಸ್ಕೋಬಹುದು." ಹಿಡಿದಿಡು ಅಂದುಬಿಟ್ಟೆ. ಹಣ್ಣಿನ ಗಾಡಿಯವನ ಹತ್ತಿರ ಕೂಡ ಎರಡು ಸಲ ಚೌಕಾಸಿ ಮಾಡುವವನು ನಾನು, ಅವಳ ಹತ್ತಿರ ಅಷ್ಟು ಬೇಗ ಹೂಂ ಅಂದುಬಿಟ್ಟೆ.

ಆದರೂ ಒಂದೇ ಕಡೆಯ ಮಾತು ಕೇಳಿ ತೀರ್ಮಾನ ಮಾಡುವುದು ನನ್ನ ಜಾಯಮಾನವಲ್ಲ. ರಜೆ ಹಾಕಿ ದೊಡ್ಡಾಸ್ಪತ್ರೆಗೆ ಹೋದೆ, ಮೂತ್ರಾಂಗಗಳ ವಿಭಾಗಕ್ಕೆ. ನಿನ್ನ ಎದೆಯ ಗಂಟು ಪರೀಕ್ಷೆ ಮಾಡಿಸಿದ್ದೆವಲ್ಲ, ಅದೇ ಆಸ್ಪತ್ರೆ, ಅದೇ ಉದ್ದನೆಯ ಮೊಗಸಾಲೆ, ಅದೇ ಕಬ್ಬಿಣದ ಕುರ್ಚಿಗಳು. ನಿನಗೆ ನೆನಪಿರಬಹುದು, ಆವತ್ತು ನರ್ಸು ನಿನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಾಗ ಅದರ ಮುದ್ರೆಯ ಅವಧಿ ಮುಗಿದು ಎಷ್ಟೋ ಕಾಲವಾಗಿದ್ದನ್ನು ನಾನು ಕಂಡುಹಿಡಿದೆ. ರೋಗಿಯ ತೂಕ ನೋಡಿ ಔಷಧಿಯ ಪ್ರಮಾಣ ಗೊತ್ತುಮಾಡುತ್ತಾರೆ, ಆ ಯಂತ್ರವೇ ಸುಳ್ಳು ಹೇಳಿದರೆ ಹೇಗೆ? ನಾನು ಮೇಲ್ವಿಚಾರಕರನ್ನು ಹುಡುಕಿಕೊಂಡು ಹೋಗಿ, ಜಗಳವಾಡಿ, ನೋಟೀಸು ಬರೆದು ಕೈಗಿಟ್ಟು ಬರುವಷ್ಟರಲ್ಲಿ ನೀನು ಒಳಗೆ ಹೋಗಿ ವರದಿ ಕೇಳಿಕೊಂಡು ಹೊರಗೆ ಬಂದಿದ್ದೆ. "ಏನೂ ಇಲ್ಲವಂತೆ" ಅಂದೆ ನೀನು. "ನೋಡಿದ್ಯಾ, ನಾನು ಹೇಳಲಿಲ್ವಾ" ಅಂದೆ ನಾನು. ಆ ಯಂತ್ರ ಈಗಿಲ್ಲ. ಹೊಸದು ಬಂದಿದೆ, ಮುದ್ರೆ ಸರಿಯಾಗಿದೆ.

ಡಾಕ್ಟರು ನಮ್ಮ ವಯಸ್ಸಿನ ಹೆಂಗಸು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಕೆ ತಲೆ ಎತ್ತದೆಯೇ, "ಕೂತ್ಕೊಳ್ಳಿ. ನಾನು ದಿನಾ ನೋಡೋದು ಇದನ್ನೇ, ನಿಮಗಷ್ಟೇ ಹೊಸದು" ಅಂದರು. ಸೂಜಿ, ಚಾಕು ಎರಡರ ಬಗ್ಗೆಯೂ ನಾನು ಕೇಳಿದ್ದಕ್ಕೆಲ್ಲ ಹೇಳಿದರು.

ಸೂಜಿಯಿಂದ ದಪ್ಪ ಹೆಚ್ಚಬಹುದು, ಉದ್ದವಲ್ಲ. ತುಂಬಿದ್ದನ್ನು ಮೈ ಮೆಲ್ಲಗೆ ಅರಗಿಸಿಕೊಳ್ಳುತ್ತದೆ. ವರ್ಷವೋ ಒಂದೂವರೆ ವರ್ಷವೋ, ಮತ್ತೆ ಚುಚ್ಚಿಸಬೇಕು. ಕೆಲವರಿಗೆ ಜೆಲ್ಲು ಒಂದೆಡೆ ಸೇರಿ ಗಂಟುಗಂಟಾಗುತ್ತದೆ, ಕೀವು ಕಟ್ಟುವುದೂ ಉಂಟು. ಒಂದು ಜಾತಿಯ ಜೆಲ್ಲಾದರೆ ಕರಗಿಸಲು ಮದ್ದಿದೆಯಂತೆ. ಕರಗದ ಸಿಲಿಕೋನಿನಂಥದನ್ನು ಚುಚ್ಚಿಸಿಕೊಂಡು ಬಂದವರನ್ನು ನೆನೆಸಿಕೊಂಡು ಡಾಕ್ಟರು ಪೆನ್ನು ಕೆಳಗಿಟ್ಟರು. "ಅವರಿಗೆ ಕೊರೆದು ತೆಗೆಯೋದು ಬಿಟ್ಟು ಬೇರೆ ದಾರಿ ಇರಲ್ಲ" ಅಂದರು.

ಚಾಕು ಇನ್ನೊಂದು ಕಥೆ. ಆ ಅಂಗವನ್ನು ಮೂಳೆಗೆ ಕಟ್ಟಿಹಾಕಿರುವ ಒಂದು ಬಿಗಿಪಟ್ಟಿಯನ್ನು ಕತ್ತರಿಸುತ್ತಾರೆ. ಒಳಗಿರುವುದು ಸ್ವಲ್ಪ ಹೊರಗೆ ಜೋಲುತ್ತದೆ. ಸುಮ್ಮನಿದ್ದಾಗ ಉದ್ದ ಕಾಣುತ್ತದೆ, ಬೇಕಾದ ಹೊತ್ತಿಗೆ ಹೆಚ್ಚೇನೂ ವ್ಯತ್ಯಾಸವಿಲ್ಲ. ಆಸರೆ ತಪ್ಪಿ ಆಚೀಚೆ ವಾಲಬಹುದು. ಗಾಯ ಮಾಯುವಾಗ ಒಳಕ್ಕೆ ಎಳೆದುಕೊಂಡು ಮೊದಲಿಗಿಂತ ಗಿಡ್ಡವಾದವರೂ ಇದ್ದಾರೆ. ಹಾಗಾಗದಿರಲಿ ಎಂದು ತಿಂಗಳುಗಟ್ಟಲೆ ಅದಕ್ಕೆ ತೂಕ ಕಟ್ಟಿ ಇಳಿಬಿಡಬೇಕಂತೆ. ತೂಕ, ಚುಟುಕು! ಜೀವಮಾನವೆಲ್ಲ ತೂಕದ ಬಟ್ಟುಗಳ ಜೊತೆ ಕಳೆದವನಿಗೆ ಇದೊಂದು ಬಾಕಿ ಇತ್ತು ನೋಡು. ಚರ್ಮದ ಕೆಳಗೆ ಸಿಲಿಕೋನಿನ ಕವಚ ಕೂರಿಸುವುದೂ ಇದೆ. ಅದು ಕೆಲವೊಮ್ಮೆ ಚರ್ಮವನ್ನು ಸವೆಸಿ ಹೊರಗೆ ಬರುತ್ತದೆ, ಆಗ ಮತ್ತೆ ಕೊಯ್ಯಬೇಕು. ಸ್ಪರ್ಶವೇ ಗೊತ್ತಾಗದಂತೆ ಜೋಮು ಹಿಡಿಯುವ ಭಯ ಎರಡರಲ್ಲೂ ಇದೆ.

ಪರೀಕ್ಷೆ ಮಾಡಿದ ಮೇಲೆ ಆಕೆ ಇನ್ನೊಂದು ಮಾತು ಹೇಳಿದರು. ಅದನ್ನು ಕೊನೆಗೆ ಬರೆಯುತ್ತೇನೆ, ಧೈರ್ಯ ಉಳಿದಿದ್ದರೆ.

ಎಲ್ಲ ತಿಳಿದೂ ನಾನು ಗುರುವಾರದ ಜಾಗ ಬಿಟ್ಟುಕೊಟ್ಟಿಲ್ಲ. ನೀನು ನಗುತ್ತೀಯೋ, ಹಣೆ ಚಚ್ಚಿಕೊಳ್ಳುತ್ತೀಯೋ. ಈ ಮನೆಯಲ್ಲಿ ಒಂದು ವಾರ ಒಬ್ಬಳೇ ಇದ್ದು ನೋಡಿದ್ದರೆ ನಗುತ್ತಿರಲಿಲ್ಲ. ಬೆಳಗ್ಗೆ ಎರಡು ಲೋಟ ತೆಗೆದಿಟ್ಟು ಒಂದನ್ನು ವಾಪಸ್ಸು ಇಡುತ್ತೇನೆ. ನೀನು ಗಾಜು ಒರೆಸಲು ಇಟ್ಟುಕೊಂಡಿದ್ದ ಮೆತ್ತನೆ ಬಟ್ಟೆಯ ಚೂರು ಸಿಕ್ಕಿತು, ಅದರಿಂದ ನನ್ನ ಕನ್ನಡಕ ಒರೆಸಿ ಒರೆಸಿ ಈಗ ಅದೂ ಕೊಳಕಾಗಿದೆ. ಯಾರಾದರೂ ಬಂದು, ನಿನ್ನ ಬಲಗೈ ಕೊಡು, ಅವಳು ಬರುತ್ತಾಳೆ ಅಂದರೆ ಯಾವ ಗರಗಸದಿಂದ ಎಂದೂ ಕೇಳುವುದಿಲ್ಲ.

ಆದ್ದರಿಂದ ನೀನೇ ಹೇಳು. ಸೂಜಿಯೋ ಚಾಕುವೋ? ದೊಡ್ಡ ಕಾಗದ ಬೇಡ. ಒಂದೇ ಪದ ಬರೆ, ನಿನ್ನ ಹೆಸರಿಗೆ ತಕ್ಕ ಹಾಗೆ. ಮುಂದಿನ ವಾರದ ಬುಧವಾರದೊಳಗೆ ನನಗೆ ಮುಟ್ಟಿದರೆ ಸಾಕು.

ಅಕ್ಕನ ಮಂಡಿ ಬೇಗ ಸರಿಹೋಗಲಿ. ಭಾವನವರ ಗಂಟಲು ಸ್ವಲ್ಪ ಕಟ್ಟಲಿ. ನಿನಗೆ ನಿದ್ದೆ ಚೆನ್ನಾಗಿ ಬರಲಿ, ಯಾವ ಮಗ್ಗುಲಿಗೆ ಮಲಗಿದರೂ.

ನೀನು ಬೈದು ಕರೆಯುತ್ತಿದ್ದ,
ನಿನ್ನ ತಕ್ಕಡಿ

ತಾ. ಕ.: ಡಾಕ್ಟರು ಹೇಳಿದ್ದನ್ನು ಬರೆದೇಬಿಡುತ್ತೇನೆ. ಅವರೂ ಅಳತೆಪಟ್ಟಿ ತೆಗೆದರು. ಅಳೆದು, ನಾನು ಹೇಳಿದ್ದ ಅಂಕಿಯನ್ನು ನೋಡಿ, "ಸೊನ್ನೆ ಎಲ್ಲಿ ಇಟ್ಟಿದ್ರಿ?" ಎಂದು ಕೇಳಿದರು. ಪಟ್ಟಿಯನ್ನು ಮೇಲ್ಭಾಗದಲ್ಲಿ, ಹೊಟ್ಟೆಯ ಕೊಬ್ಬನ್ನು ಒತ್ತಿ ಮೂಳೆಗೆ ತಾಗಿಸಿ ಇಡಬೇಕಂತೆ. ನಾನು ಚರ್ಮದ ಅಂಚಿನಿಂದ ಹಿಡಿದಿದ್ದೆ, ಅದೂ ತಣ್ಣೀರಿನ ಬಚ್ಚಲಲ್ಲಿ ನಡುಗುತ್ತಾ ನಿಂತು. "ಏನು ಕೆಲಸ ನಿಮ್ಮದು?" ಅಂದರು. ಹೇಳಿದೆ. ಕನ್ನಡಕ ತೆಗೆದು, ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಮೃದುವಾಗಿ, "ಎಲ್ಲರ ಹಾಗೇ ಇದ್ದೀರಿ. ಒಂದು ಕೂದಲಷ್ಟೂ ಕಡಿಮೆ ಇಲ್ಲ. ಇದನ್ನ ನಿಮಗೆ ಹೇಳಿದ್ದು ಯಾರು, ಹೆಂಡ್ತೀನಾ?" ಎಂದು ಕೇಳಿದರು. "ಇಲ್ಲ, ಅವಳು ಏನೂ ಹೇಳಲಿಲ್ಲ. ಅದಕ್ಕೇ ಬಂದೆ" ಅಂದೆ.

ಬೇರೆಯವರಾಗಿದ್ದರೆ ಕುಣಿದುಕೊಂಡು ಹೊರಗೆ ಬರುತ್ತಿದ್ದರು. ನಾನು ಹೊರಗೆ ಬಂದು ಅದೇ ಕಬ್ಬಿಣದ ಕುರ್ಚಿಯಲ್ಲಿ ಮತ್ತೆ ಕೂತೆ. ಇದಲ್ಲವೆಂದಾದರೆ ಇನ್ಯಾವುದು? ಇದಕ್ಕಾದರೆ ಸೂಜಿ ಇತ್ತು, ಚಾಕು ಇತ್ತು, ಗುರುವಾರವಿತ್ತು. ಇದೇ ಕಾರಣ ಎಂದು ಬರೆ, ಚುಟುಕು. ಸುಳ್ಳಾದರೂ ಆದೀತು. ಕೈಮುಗಿಯುತ್ತೇನೆ.

ಇನ್ನೊಂದು ಮಾತು ಕೇಳಬೇಕು. ನನ್ನ ಸರದಿ ಬಂದಾಗ ನರ್ಸು ಬಾಗಿಲಿಂದ ತಲೆ ಹೊರಗೆ ಹಾಕಿ, "ಜೊತೆಗೆ ಯಾರು ಬಂದಿದ್ದಾರೆ?" ಎಂದು ಕೂಗಿದರು. ನಾನು ಪಕ್ಕದ ಕುರ್ಚಿ ನೋಡಿದೆ. ಎದುರುಗಡೆ ಆ ಹೊಸ ತೂಕದ ಯಂತ್ರ ಇತ್ತು. ಯಾರೂ ಇಲ್ಲ ಅಂದೆ. ಅಷ್ಟು ಜನರ ನಡುವೆ ಆ ಎರಡು ಪದ ಹೇಳುವುದು ಅಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ.

ಆವತ್ತು, ನಾನು ನೋಟೀಸು ಬರೆಯುತ್ತಿದ್ದಾಗ, ನಿನ್ನನ್ನೂ ಹಾಗೇ ಕೂಗಿ ಕೇಳಿದರಾ? ನೀನು ಏನಂದೆ?