ಹಗೂರ ಅಂದರೆ ಬ್ರೇಕು

ಅಬ್ಬಾ,

ಇವತ್ತು ಇಲ್ಲಿ ಅಮೆರಿಕದ ರಾಚೆಸ್ಟರ್ ಹಿಲ್ಸ್‌ನಲ್ಲಿ ನಿಮ್ಮದೊಂದು ಮಾತು ಕೇಳಿದೆ, ಅದೂ ಚೀನಾದವರೊಬ್ಬರ ಬಾಯಲ್ಲಿ!

ಪಕ್ಕದ ಮನೆಯ ಲಿನ್ ಮತ್ತು ಎಂಬತ್ತು ದಾಟಿದ ಅವರ ತಂದೆಯನ್ನು ಅಂಗಡಿಗೆ ಕರೆದೊಯ್ಯುತ್ತಿದ್ದೆ. ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ತಿರುವಿನಲ್ಲಿ ನನ್ನ ಸ್ಪೀಡು ಜಾಸ್ತಿಯಾಯಿತು. ಹಿಂದಿನ ಸೀಟಿನಿಂದ ಅಜ್ಜ ಕೂಗಿದರು: “ಹಗೂರ! ಹಗೂರ!”

ಹುಬ್ಬಳ್ಳಿಯಲ್ಲಿ ನನಗೆ ಕಾರು ಕಲಿಸುವಾಗ ‘ನಿಧಾನ’ ಎನ್ನಲು ನೀವು ಕೂಗುತ್ತಿದ್ದದ್ದೂ ಅದನ್ನೇ. ನನ್ನ ಕಾಲು ತಾನಾಗಿ ಬ್ರೇಕ್ ಮೇಲೆ ಹೋಯಿತು.

ಲಿನ್ ನಕ್ಕುಬಿಟ್ಟರು. ಯುದ್ಧಕಾಲದಲ್ಲಿ ಅಸ್ಸಾಮಿನಲ್ಲಿ ಒಬ್ಬ ಇಂಡಿಯನ್ ಡ್ರೈವರ್ ಅಜ್ಜನಿಗೆ ಲಾರಿ ಕಲಿಸಿದ್ದರಂತೆ. ಇಂಡಿಯಾದಲ್ಲಿ ಬ್ರೇಕಿಗೆ ‘ಹಗೂರ’ ಅನ್ನುತ್ತಾರೆಂದೇ ಅಜ್ಜ ಇವತ್ತಿಗೂ ನಂಬಿದ್ದಾರೆ!

“ಚೀನಾದವ್ರಿಗೆ ಲಾರಿ ಓಡ್ಸೂದು ನಾ ಕಲಿಸಿದೆ, ಅವ್ರು ಬರ್ಮಾಕ್ಕ ಹೋಗಿ ಜಪಾನಿನವ್ರನ್ನ ಓಡ್ಸಿದ್ರು” ಎಂದು ನೀವು ಹೇಳಿದಾಗಲೆಲ್ಲ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಬರಬರುತ್ತಾ ನೀವು ಹೇಳುವುದನ್ನೇ ಬಿಟ್ಟಿರಿ.

ಆ ಡ್ರೈವರ್ ನೀವೇ ಆಗಿರಬೇಕೆಂದೇನಿಲ್ಲ. ಆದರೂ ನಿಮ್ಮ ಕತೆ ಹೇಳಿದೆ, ನೀವು ಈಗಿಲ್ಲ ಎಂಬುದನ್ನೂ. ಅಜ್ಜ ನನ್ನ ಕೈ ಹಿಡಿದು, ಲಿನ್ ಮೂಲಕ ಕೇಳಿದರು: “ನಮ್ಮನ್ನೆಲ್ಲ ನೆನೆಸ್ಕೋತಿದ್ರಾ?”

“ದಿನಾ ನೆನೆಸ್ತಿದ್ರು. ನಾವೆಲ್ಲ ಸುತ್ತ ಕೂತು ಕೇಳ್ತಿದ್ವಿ” ಎಂದೆ.

ನಿಮ್ಮ ನೂರುನ್ನೀಸಾ